16 ಜನ, ಮೂರು ತಲೆಮಾರು, ಬಾಲಿ: ಹೋಗಿ ಬಂದವರು ಹೇಳಿ

ಬೆಣ್ಣೆದೋಸೆ_ದಾವಣಗೆರೆ

ನಮಸ್ಕಾರ. ಏಪ್ರಿಲ್ ಕೊನೆಗೆ ಅತ್ತೆ-ಮಾವನ ಮದುವೆಯಾಗಿ 50 ವರ್ಷ. ಕಲ್ಯಾಣ ಮಂಟಪ ಬೇಡ, ಎಲ್ಲರೂ ಸೇರಿ ಎಲ್ಲಾದರೂ ಹೋಗೋಣ ಅಂತ ಮೈದುನ ಶುರು ಮಾಡಿದ. ಈಗ ಬಾಲಿ ಅಂತಾಗಿದೆ. ಒಟ್ಟು 16 ಜನ. ಮಾವನಿಗೆ 76, ನಾದಿನಿಯ ಕೊನೇ ಮಗನಿಗೆ 2. ಮಕ್ಕಳೇ ಆರು. ಏಜೆಂಟ್ ಕೊಟ್ಟ ಪ್ಲಾನಿನಲ್ಲಿ ಏಳು ದಿನಕ್ಕೆ ಮೂರು ಊರು, ಮೂರು ಹೋಟೆಲ್: ಕುಟಾ, ಉಬುದ್, ಪಕ್ಕದ ನುಸಾ ಪೆನಿಡಾ ದ್ವೀಪ. ದಿನಾ ಬೆಳಿಗ್ಗೆ 7:30ಕ್ಕೆ ಬಸ್ ಹತ್ತಬೇಕಂತೆ. ನಮ್ಮ ಮನೆಯಲ್ಲಿ ಏಳೂವರೆಗೆ ಅರ್ಧ ಜನರ ಸ್ನಾನವೂ ಆಗಿರುವುದಿಲ್ಲ. ಪೂರ್ತಿ ಸಸ್ಯಾಹಾರ ಬೇರೆ, ಮಾವನಿಗೆ ಎರಡು ಹೊತ್ತು ಅನ್ನ-ಸಾರು ಬೇಕು. ಇದು ನಡೆಯುತ್ತಾ? ಎಲ್ಲ ನನ್ನ ತಲೆಗೆ ಬಂದಿದೆ. ನಿಜ ಹೇಳಿ.

ಸುಮ್ನಿರೋನು

ಅಂಡಮಾನ್‌ಗೆ ಹೋಗಿ. ಅದೇ ಸಮುದ್ರ, ಅದೇ ತೆಂಗಿನಮರ. ವೀಸಾ ಬೇಡ, ಇಡ್ಲಿ ಸಿಗುತ್ತೆ.

ತೋಟದ_ಸುಬ್ಬಿ

ಆ ಪ್ಲಾನ್ ಹರಿದು ಹಾಕಿ. ನಾವು ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ 17 ಜನ ಹೋಗಿದ್ದೆವು, ಸಾಗರದ ಕಡೆಯವರು. ನಮಗೂ ಹೀಗೇ ಬರೆದುಕೊಟ್ಟಿದ್ದರು. ಎರಡನೇ ಹೋಟೆಲಿಗೆ 23 ಬ್ಯಾಗು ಸಾಗಿಸಿದ ದಿನವೇ ದೊಡ್ಡಣ್ಣನಿಗೂ ಭಾವನಿಗೂ ಮಾತು ಬೆಳೆಯಿತು. ಉಬುದ್ ವಿಮಾನ ನಿಲ್ದಾಣದಿಂದ 40 ಕಿ.ಮೀ. ಒಳಗೇ ಇದೆ. ಆದರೆ ಆ ಕಿರಿದಾದ ರಸ್ತೆಯಲ್ಲಿ ಎರಡು ತಾಸು ಕೂರಬೇಕಾಯಿತು, ಅಷ್ಟರಲ್ಲಿ ಇಬ್ಬರು ಮಕ್ಕಳು ವಾಂತಿ.

ಒಂದೇ ಕಡೆ ಇರಿ, ಸಾನೂರಿನಲ್ಲಿ. ಕುಟಾದ ಅಲೆ ಸರ್ಫಿಂಗ್ ಮಾಡುವವರಿಗೆ ಚೆಂದ, ಮಕ್ಕಳಿಗಲ್ಲ. ಸಾನೂರಿನಲ್ಲಿ ದೂರದಲ್ಲೇ ಹವಳದ ದಿಬ್ಬ ಇದೆ. ಅಲೆ ಅಲ್ಲಿ ಒಡೆದು, ದಡಕ್ಕೆ ಬರುವ ಹೊತ್ತಿಗೆ ಕೆರೆ ನೀರಿನ ಹಾಗೆ ಆಗಿರುತ್ತೆ. ಇಳಿತದಲ್ಲಿ ನೀರು ತುಂಬಾ ಹಿಂದೆ ಹೋಗುತ್ತೆ, ಉಬ್ಬರ ಎಷ್ಟು ಹೊತ್ತಿಗೆ ಅಂತ ಕೇಳಿಕೊಂಡು ಹೋಗಿ. ದಡದುದ್ದಕ್ಕೂ ನಡೆಯುವ ದಾರಿ ಇದೆ, ನಿಮ್ಮ ಮಾವನಿಗೆ ಬೆಳಗಿನ ವಾಕಿಂಗ್ ಆಯಿತು. ನುಸಾ ಪೆನಿಡಾಗೆ ಸ್ಪೀಡ್ ಬೋಟ್ ಹೊರಡುವುದೂ ಸಾನೂರಿನಿಂದಲೇ, ಮುಕ್ಕಾಲು ಗಂಟೆ. ಹುಡುಗರು ಬೆಳಿಗ್ಗೆ ಹೋಗಿ ಸಂಜೆ ಬರಲಿ. ಹಿರಿಯರು, ಪುಟ್ಟವರು ಬೇಡವೇ ಬೇಡ. ಎಲ್ಲರೂ ಎಲ್ಲ ಕಡೆ ಹೋಗಬೇಕು ಅನ್ನುವ ಹಟ ಬಿಟ್ಟರೆ ಅರ್ಧ ಜಗಳ ಇರುವುದಿಲ್ಲ. ರಾತ್ರಿ ಊಟಕ್ಕೆ ಮಾತ್ರ ಎಲ್ಲರೂ ಇರಬೇಕು, ಹಗಲು ಯಾರು ಎಲ್ಲಿಗಾದರೂ ಹೋಗಲಿ ಅಂತ ನಾವು ಮಾಡಿಕೊಂಡೆವು.

ವಿಲ್ಲಾ ಹಿಡಿಯುವಾಗ ಫೋಟೊ ನೋಡಿ ಮರುಳಾಗಬೇಡಿ. ನಮ್ಮದರಲ್ಲಿ ಪಡಸಾಲೆಗೆ ಒಂದು ಕಡೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಸೋಫಾದಿಂದ ನಾಲ್ಕು ಹೆಜ್ಜೆಗೆ ಈಜುಕೊಳ. ಬೇಲಿ ಇಲ್ಲ. ಮೊದಲ ರಾತ್ರಿ ಊಟದ ಕುರ್ಚಿಗಳನ್ನೆಲ್ಲ ಸಾಲಾಗಿ ಮಲಗಿಸಿ, ಕಾಲಿಗೆ ಕಾಲು ಸೇರಿಸಿ, ಅಮ್ಮನ ಎರಡು ಹತ್ತಿ ಸೀರೆಯಲ್ಲಿ ಬಿಗಿದೆವು. ಆದರೂ ಅಮ್ಮನಿಗೆ ಸಮಾಧಾನ ಇಲ್ಲ. ಬೆಳಿಗ್ಗೆ ನೋಡಿದರೆ ತಮ್ಮನ ಮಗಳ ಎರಡೂ ಕಾಲಿಗೆ ಗೆಜ್ಜೆ! ಊರಿಂದಲೇ ತಂದಿದ್ದರಂತೆ. ಆಮೇಲೆ ಆ ಸದ್ದು ಒಂದು ಗಳಿಗೆ ನಿಂತರೆ ಸಾಕು, ಇಸ್ಪೀಟು ಆಡುತ್ತಿದ್ದವರೂ ತಲೆ ಎತ್ತಿ ನೋಡುತ್ತಿದ್ದರು. ಜೊತೆಗೆ ಗಂಟೆಗೊಬ್ಬರಂತೆ ಕಾವಲು ಹಾಕಿ. ಹತ್ತು ಜನ ದೊಡ್ಡವರಿದ್ದಾಗಲೇ ಯಾರೂ ನೋಡುತ್ತಿರುವುದಿಲ್ಲ, ಇನ್ನೊಬ್ಬರು ನೋಡ್ತಾರೆ ಅಂತ.

ಊಟ: ಅಡುಗೆಮನೆ ಇರುವ ವಿಲ್ಲಾ ಹಿಡಿದು ಒಂದು ಕುಕ್ಕರ್ ಒಯ್ಯಿರಿ. ಅಕ್ಕಿ ಎಲ್ಲ ಕಡೆ ಸಿಗುತ್ತೆ. ಹೊರಗೆ ತಿನ್ನುವಾಗ ಜಾಗ್ರತೆ. ‘ತೆರಾಸಿ’ ಅಂತ ಒಂದಿದೆ, ಸಿಗಡಿ ಅರೆದು ಹುಳಿ ಬರಿಸಿದ್ದು. ತರಕಾರಿ ಪಲ್ಯ, ಸಾಂಬಲ್ ಚಟ್ನಿ ಎಲ್ಲದರಲ್ಲೂ ಇರಬಹುದು. ‘ತಾನ್ಪಾ ತೆರಾಸಿ’ ಅನ್ನಿ, ತೆರಾಸಿ ಇಲ್ಲದೆ ಅಂತ ಅರ್ಥ. ದಾವಣಗೆರೆಯವರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರೆ ಇನ್ನೇನು ಬೇಕು? ಹಸಿ ಹಣ್ಣು-ಸೊಪ್ಪು ಮಾತ್ರ ಒಯ್ಯಬೇಡಿ, ನಿಲ್ದಾಣದಲ್ಲಿ ತಗಾದೆ.

ಇದರಿಂದ ಅಮ್ಮನ ವೀಳ್ಯದೆಲೆಯೂ ಊರಲ್ಲೇ ಉಳಿಯಿತು. ಮೂರು ದಿನ ಕವಳ ಇಲ್ಲದೆ ಅವರ ಮುಖ ನೋಡಬೇಕಿತ್ತು. ಅಲ್ಲಿ ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ಗರಿಯ ಪುಟ್ಟ ಬುಟ್ಟಿಯಲ್ಲಿ ಹೂವಿಟ್ಟು ಊದುಬತ್ತಿ ಹಚ್ಚುತ್ತಾರೆ, ಚನಾಂಗ್ ಅಂತ. ನಾಲ್ಕನೇ ದಿನ ಅಮ್ಮ ಬಗ್ಗಿ ಅದನ್ನೇ ನೋಡುತ್ತಿದ್ದರು. ಹೂವಿನ ಅಡಿಯಲ್ಲಿ ಮಡಿಚಿದ ವೀಳ್ಯದೆಲೆ ಚೂರು, ಒಳಗೆ ಅಡಿಕೆ, ಸುಣ್ಣ! ದೇವರಿಗಿಟ್ಟದ್ದನ್ನು ಮುಟ್ಟಲಿಲ್ಲ. ವಿಲ್ಲಾದ ಕೆಲಸದವಳನ್ನು ಕರೆದು, ಬುಟ್ಟಿ ತೋರಿಸಿ, ಆಮೇಲೆ ತಮ್ಮ ಬಾಯಿ ತೋರಿಸಿದರು. ಆಕೆ ನಕ್ಕೂ ನಕ್ಕೂ ಮರುದಿನ ಒಂದು ಕಟ್ಟು ಎಲೆ ತಂದುಕೊಟ್ಟಳು. ಅಪ್ಪಯ್ಯ ಅಡಿಕೆ ಕೈಯಲ್ಲಿ ತಿರುಗಿಸಿ ನೋಡಿ, ‘ಒಣಗಿದ್ದು ಸಾಲದು’ ಅಂದರು.

ಅವರಿಗೆ ಹಿಡಿಸಿದ್ದು ಎರಡೇ. ನಿಲ್ದಾಣದ ಹತ್ತಿರದ ವೃತ್ತದಲ್ಲಿ ಘಟೋತ್ಕಚನ ದೊಡ್ಡ ಬಿಳೀ ಮೂರ್ತಿ ಇದೆ, ಕರ್ಣನ ಜೊತೆ ಯುದ್ಧದಲ್ಲಿರುವುದು. ಇನ್ನೊಂದು ಉಲುವಾಟು ದೇವಸ್ಥಾನದ ಕೆಚಾಕ್ ಕುಣಿತ, ಸೂರ್ಯ ಮುಳುಗುವ ಹೊತ್ತಿಗೆ ಸಮುದ್ರದ ಬಂಡೆ ಅಂಚಿನಲ್ಲಿ ರಾಮಾಯಣ. ವಾದ್ಯವೇ ಇಲ್ಲ, ಸುತ್ತ ಕೂತ ಗಂಡಸರು ‘ಚಕ್ ಚಕ್’ ಅನ್ನುವುದೇ ತಾಳ. ಅಪ್ಪಯ್ಯ ಯಕ್ಷಗಾನ ನೋಡಿಯೇ ಬೆಳೆದವರು, ‘ಚಂಡೆ ಇಲ್ಲದೆ ಎಂಥ ಆಟ’ ಅಂತ ಗೊಣಗಿದರು. ಹನುಮಂತನ ಬೆಂಕಿ ಆಟದ ಹೊತ್ತಿಗೆ ಬೆಂಚಿನ ತುದಿಗೆ ಬಂದಿದ್ದರು. ಅಲ್ಲಿನ ಕೋತಿಗಳಿಗೆ ಮಾತ್ರ ಮರ್ಯಾದೆ ಇಲ್ಲ. ಅಪ್ಪಯ್ಯನ ಕನ್ನಡಕ ಕಿತ್ತುಕೊಂಡು ಗೋಡೆ ಹತ್ತಿತು. ಅಲ್ಲಿನವರೊಬ್ಬರು ಹಣ್ಣು ತೋರಿಸಿ ಬಿಡಿಸಿಕೊಟ್ಟರು, ಒಂದು ಕಡ್ಡಿ ಸೊಟ್ಟ. ಮಾವನಿಗೆ ಇನ್ನೊಂದು ಜೊತೆ ಇಟ್ಟುಕೊಳ್ಳಿ.

ಲೆಕ್ಕದ_ಮೇಷ್ಟ್ರು

ಎರಡು ಮಾತು ಸೇರಿಸುತ್ತೇನೆ. ವೀಸಾ ತಲೆಗೆ 5 ಲಕ್ಷ ರುಪಿಯಾ (ಅಲ್ಲಿನ ದುಡ್ಡು), ಮಕ್ಕಳಿಗೂ ಅಷ್ಟೇ. 2024ರಿಂದ ಪ್ರವಾಸಿ ಶುಲ್ಕ ಬೇರೆ 1.5 ಲಕ್ಷ. 16 ಜನಕ್ಕೆ ಒಂದು ಕೋಟಿ ನಾಲ್ಕು ಲಕ್ಷ! ಗಾಬರಿ ಬೇಡ, ನಮ್ಮ ದುಡ್ಡಿನಲ್ಲಿ ತಲೆಗೆ ಮೂರೂವರೆ ಸಾವಿರದ ಆಸುಪಾಸು. ಎರಡನ್ನೂ ಮನೆಯಿಂದಲೇ ಆನ್‌ಲೈನ್ ಕಟ್ಟಿ, ಮಕ್ಕಳನ್ನು ಎತ್ತಿಕೊಂಡು ಕ್ಯೂ ನಿಲ್ಲುವುದು ತಪ್ಪುತ್ತೆ. ಪಾಸ್‌ಪೋರ್ಟ್ ಆರು ತಿಂಗಳಾದರೂ ಬಾಕಿ ಇರಬೇಕು. ಮಕ್ಕಳದ್ದು ಐದೇ ವರ್ಷಕ್ಕೆ ಮುಗಿಯುತ್ತೆ, ಇವತ್ತೇ ತೆಗೆದು ನೋಡಿ. ಬಾಲಿಯಲ್ಲಿ ರೇಬೀಸ್ ಇದೆ. ನಾಯಿಯೋ ಕೋತಿಯೋ ಪರಚಿದರೆ ಸೋಪು ಹಾಕಿ ಚೆನ್ನಾಗಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಏಪ್ರಿಲ್ ಕೊನೆ ಒಳ್ಳೆಯದೇ, ಮಳೆ ಕಡಿಮೆಯಾಗಿರುತ್ತೆ.

ಬೆಣ್ಣೆದೋಸೆ_ದಾವಣಗೆರೆ

ಸುಬ್ಬಿ ಅಕ್ಕಾ, ಜೋರಾಗಿ ಓದಿ ಹೇಳಿದೆ. ಅತ್ತೆ ಆಗಲೇ ಟ್ರಂಕಿನಲ್ಲಿ ಗೆಜ್ಜೆ ಹುಡುಕುತ್ತಿದ್ದಾರೆ. ಏಜೆಂಟ್‌ಗೆ ಬೇಡ ಅಂದಾಯಿತು. ಇನ್ನೊಂದೇ ಪ್ರಶ್ನೆ: ನಾಲ್ಕು ಸಂಸಾರ, ದುಡ್ಡಿನ ಲೆಕ್ಕ ಹೇಗೆ ಮಾಡಿದಿರಿ?

ತೋಟದ_ಸುಬ್ಬಿ

ಹೊರಡುವ ಮೊದಲೇ ತಲೆಗಿಷ್ಟು ಅಂತ ಎಲ್ಲರಿಂದ ತಗೊಂಡು, ಪಿಯುಸಿ ಓದುವ ಅಣ್ಣನ ಮಗಳ ಕೈಗೆ ಕೊಟ್ಟೆವು. ದೊಡ್ಡವರ ಕೈಗೆ ಕೊಡಬೇಡಿ, ‘ಇರಲಿ ಬಿಡು, ನಾನು ಕೊಡ್ತೀನಿ’ ಶುರುವಾಗುತ್ತೆ. ಆ ಹುಡುಗಿ ಎಳನೀರಿಗೂ ಚೀಟಿ ಕೇಳುತ್ತಿದ್ದಳು. ಬಿಯರ್ ಮಾತ್ರ ಅವರವರ ಖರ್ಚು.