ಕನ್ಸರ್ವ್ಡ್ ಡಿಎನ್‌ಎಗೆ ‘ಸಂರಕ್ಷಿತ’ ಸರಿಯೇ?

ಬಲ್ಲವರಿಗೆ ನಮಸ್ಕಾರ. ವಿಜಯಪುರದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತೇನೆ. ಬೇರೆ ಬೇರೆ ಕಶೇರುಕಗಳ ಡಿಎನ್‌ಎಯನ್ನು ಹೋಲಿಸಿ ಜೀನುಗಳ ಸ್ವಿಚ್ಚು (ಜೀನನ್ನು ಚಾಲೂ ಮಾಡುವ ಡಿಎನ್‌ಎ ತುಣುಕು) ಪತ್ತೆ ಮಾಡುವ ಬಗ್ಗೆ ಕನ್ನಡದಲ್ಲೊಂದು ಟಿಪ್ಪಣಿ ಬರೆಯುತ್ತಿದ್ದೇನೆ. ಬೇರೆ ಬೇರೆ ಪ್ರಾಣಿಗಳಲ್ಲಿ ಹೆಚ್ಚು ಬದಲಾಗದೆ ಇರುವ ಡಿಎನ್‌ಎ ಭಾಗಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಕನ್ಸರ್ವ್ಡ್’ ಎಂಬಲ್ಲಿ ಪೆನ್ನು ನಿಂತಿದೆ.

‘ಸಂರಕ್ಷಿತ’ ಅಂದೊಡನೆ ಒಬ್ಬ ಹುಡುಗ, “ಯಾರು ಸಂರಕ್ಷಣಾ ಮಾಡ್ಯಾರ್ರೀ ಸರ?” ಅಂದ. ಗೋಳಗುಮ್ಮಟದಂಥ ಸಂರಕ್ಷಿತ ಸ್ಮಾರಕಗಳ ನಡುವೆ ಬೆಳೆದವನು. ಕಾವಲುಗಾರ, ಬೇಲಿ, ಕಾಯ್ದೆ ಎಲ್ಲ ಆ ಪದದೊಳಗೇ ಇವೆ. ಡಿಎನ್‌ಎಗೆ ಕಾಯುವವರಿಲ್ಲ. ಪೀಳಿಗೆಯಿಂದ ಪೀಳಿಗೆಗೆ ನಕಲಾಗುವಾಗ ಡಿಎನ್‌ಎಯ ಅಕ್ಷರ (ಎ, ಟಿ, ಜಿ, ಸಿ) ತಪ್ಪುವುದು ಎಲ್ಲೆಡೆಯೂ ನಡೆದೇ ಇರುತ್ತದೆ. ತಪ್ಪಿದರೆ ಕೆಲಸ ಕೆಡುವ ಜಾಗದಲ್ಲಿ ತಪ್ಪಿದವರ ವಂಶ ಬೆಳೆಯುವುದಿಲ್ಲ, ಅಷ್ಟೆ. ಪ್ರೊಟೀನಿನ ಸಂಕೇತವಿಲ್ಲದ ಕಡೆಯೂ ಮೀನು, ಕೋಳಿ, ಇಲಿ, ಮನುಷ್ಯರಲ್ಲಿ ಒಂದೇ ತರಹದ ತುಣುಕು ಕಂಡರೆ ಅಲ್ಲೊಂದು ಸ್ವಿಚ್ಚಿರಬಹುದು ಎಂಬ ಊಹೆ ಹುಟ್ಟುವುದು ಇದರಿಂದಲೇ. ಮನುಷ್ಯ ಮತ್ತು ಎರಡು ಜಾತಿಯ ಇಲಿಗಳಲ್ಲಿ ಒಂದಕ್ಷರವೂ ಬದಲಾಗದ, 200 ಅಕ್ಷರಕ್ಕಿಂತ ಉದ್ದದ 481 ತುಣುಕುಗಳನ್ನು 2004ರಲ್ಲಿ ವರದಿ ಮಾಡಿದರು.

ಹಾವಿನ ಸಂಗತಿ ನೋಡಿ. ಕೈಕಾಲು ಬೆಳೆಯಲು ಸಾನಿಕ್ ಹೆಜ್‌ಹಾಗ್ ಜೀನನ್ನು ಚಾಲೂ ಮಾಡುವ ಸ್ವಿಚ್ಚು, ಆ ಜೀನಿನಿಂದ ಸುಮಾರು ಹತ್ತು ಲಕ್ಷ ಅಕ್ಷರ ದೂರದಲ್ಲಿ, ಇನ್ನೊಂದು ಜೀನಿನ ಹೊಟ್ಟೆಯಲ್ಲಿ ಕೂತಿದೆ. ಅದರಲ್ಲಿ ಒಂದಕ್ಷರ ಬದಲಾಗಿ ಹೆಚ್ಚುವರಿ ಬೆರಳು ಮೂಡಿದ್ದುಂಟು. 2016ರ ಪ್ರಯೋಗದಲ್ಲಿ ಇಲಿಯ ಸ್ವಿಚ್ಚು ತೆಗೆದು ಹೆಬ್ಬಾವಿನದನ್ನು ಕೂರಿಸಿದರೆ ಕಾಲು ಮೊಂಡಾದವು. ಮೀನಿನದನ್ನು ಕೂರಿಸಿದರೆ ಸರಿಯಾಗೇ ಬೆಳೆದವು! ಕಾಲಿನ ಹಂಗು ಹರಿದ ಹಾವಿನ ವಂಶದಲ್ಲಿ ಅಕ್ಷರ ತಪ್ಪಿದರೂ ನಷ್ಟವಿರಲಿಲ್ಲ, ಸವೆಯುತ್ತ ಹೋಯಿತು. ಇಲ್ಲಿ ‘ಸಂರಕ್ಷಣೆ ತಪ್ಪಿತು’ ಅಂದರೆ ಅರಣ್ಯ ಇಲಾಖೆಯ ಮಾತಾಗುತ್ತದೆ.

ಹಳಕಟ್ಟಿಯವರು ವಚನಗಳ ತಾಡೋಲೆ ಕೂಡಿಹಾಕಿದ ಊರಿನವನಾಗಿ ‘ಪಾಠಾಂತರವಿಲ್ಲದ ಭಾಗ’ ಎಂಬುದು ಹೊಳೆಯಿತು. ಅರ್ಥ ಚೊಕ್ಕ, ಆದರೆ ಒಂದೇ ಪ್ಯಾರಾದಲ್ಲಿ ಮೂರು ಸಲ ಬಂದರೆ ಓದುವವರು ಎದ್ದು ಹೋದಾರು. ‘ಮಾರ್ಪಡದ’ ಚಿಕ್ಕದು, ನಿಜವಲ್ಲ; ಮೀನಿಗೂ ನಮಗೂ ಅಷ್ಟಿಷ್ಟು ವ್ಯತ್ಯಾಸ ಇದ್ದೇ ಇದೆ. ಸದ್ಯಕ್ಕೆ ನನ್ನ ಒಲವು ‘ಉಳಿದುಬಂದ’ ಕಡೆಗೆ: ಯಾರೂ ಉಳಿಸಿದ್ದಲ್ಲ, ತಾನಾಗಿ ಉಳಿದದ್ದು.

(ಈ ಸ್ವಿಚ್ಚುಗಳಿಗೆ ಇಂಗ್ಲಿಷಿನಲ್ಲಿ ‘ರೆಗ್ಯುಲೇಟರಿ ಎಲಿಮೆಂಟ್’ ಅನ್ನುತ್ತಾರೆ. ಎಲಿಮೆಂಟ್‌ಗೆ ‘ಮೂಲವಸ್ತು’ ಮಾತ್ರ ಬೇಡ, ಅದು ರಸಾಯನಶಾಸ್ತ್ರದವರ ಆಸ್ತಿ. ‘ನಿಯಂತ್ರಕ ತುಣುಕು’ ಎಂದು ಬರೆದುಕೊಂಡಿದ್ದೇನೆ.)

ತೊಡಕಿರುವುದು ನಾಮಪದದಲ್ಲಿ. ಒಂದು ಭಾಗ ಎಷ್ಟರ ಮಟ್ಟಿಗೆ ಬದಲಾಗದೆ ಉಳಿದಿದೆ ಎಂದು ಅಳೆಯುವ ‘ಕನ್ಸರ್ವೇಶನ್ ಸ್ಕೋರ್’ಗೆ ‘ಉಳಿದುಬಂದಿಕೆಯ ಅಂಕ’ ಅನ್ನಲು ಬಾಯಿ ಬರುತ್ತಿಲ್ಲ. ‘ಉಳಿಕೆಯ ಅಂಕ’ ಅಂದರೆ ಬಾಕಿ ಅಂಕ ಅಂದುಕೊಂಡಾರೆ? ನೀವು ಏನು ಬಳಸುತ್ತೀರಿ?