ಕುಳಾಗರದಲ್ಲಿ ಕಾಳುಮೆಣಸು: ಬಳ್ಳಿ ಹಸಿರಾಗಿದೆ, ತೆನೆ ಇಲ್ಲ. ಮಣ್ಣೋ, ನೀರೋ, ನೆರಳೋ?

ಪೋಂಡಾ_ತೋಟ
ಎಲ್ಲರಿಗೂ ನಮಸ್ಕಾರ. ಗೋವಾದ ಪೋಂಡಾ ಹತ್ತಿರ ಅರ್ಧ ಎಕರೆ ಕುಳಾಗರ (ಅಡಿಕೆಯ ಮಿಶ್ರ ತೋಟ) ಇದೆ. ಅಡಿಕೆ ಮರಗಳಿಗೆ ಸುಮಾರು 12 ವರ್ಷ, ನಡುವೆ ಬಾಳೆ, ಅಂಚಿನಲ್ಲಿ ತೆಂಗು ಮತ್ತು ಹಲಸು. ಮೇಲಿನ ಭಾಗ ಇಳಿಜಾರು, ಅಲ್ಲಿ ಎರಡು ಅಡಿ ಅಗೆದರೆ ಚಿರೆಕಲ್ಲು (ಜಂಬಿಟ್ಟಿಗೆ ಕಲ್ಲು) ಸಿಗುತ್ತದೆ. ಕೆಳಗಿನದು ಸಮತಟ್ಟು, ಜುಲೈನಲ್ಲಿ ಒರತೆ ಏಳುತ್ತದೆ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ (ಹುಳಿಯ ಅಳತೆ) 5.1 ಬಂದಿದೆ.

ಈಗಿರುವ ಪಣಿಯೂರು-1 ತಳಿಯ ಮೆಣಸಿನ ಬಳ್ಳಿಗಳು ಸೊಂಪಾಗಿ ಹಬ್ಬಿವೆ. ಆದರೆ ತೆನೆ ಕಡಿಮೆ, ಬಂದದ್ದರಲ್ಲೂ ಕಾಳು ಬಿಡಿಬಿಡಿ. ಅಡಿಕೆಗೆ ಮೇ ಕೊನೆಯವರೆಗೂ ನೀರು ಬಿಡುತ್ತೇವೆ. ಗೋವಾದ ಹವೆ ಮೆಣಸಿಗೆ ಒಗ್ಗುತ್ತದೆಯೇ? ಕೆಳಗಿನ ಭಾಗದಲ್ಲಿ ಹೊಸ ಬಳ್ಳಿ ನೆಡಬಹುದೇ?

ಸತ್ತರಿ_ಅಡಿಕೆ
ಸರ್, ಹವೆ ಒಗ್ಗುತ್ತದೆ, ಅದರ ಬಗ್ಗೆ ಅನುಮಾನ ಬೇಡ. ಮೆಣಸಿಗೆ ವರ್ಷಕ್ಕೆ 2000ದಿಂದ 3000 ಮಿ.ಮೀ. ಮಳೆ ಬೇಕು, ನಮ್ಮಲ್ಲಿ ಸರಾಸರಿ 3000 ಮಿ.ಮೀ. ಹತ್ತಿರ ಬೀಳುತ್ತದೆ. ಉಷ್ಣಾಂಶ 23ರಿಂದ 32 ಡಿಗ್ರಿ ಇದ್ದರೆ ಅದಕ್ಕೆ ಹಿತ. 40 ಡಿಗ್ರಿವರೆಗೂ ತಾಳಿಕೊಳ್ಳುತ್ತದೆ, ಬುಡದಲ್ಲಿ ತಂಪು ಮತ್ತು ಗಾಳಿಯಲ್ಲಿ ತೇವ ಇರಬೇಕಷ್ಟೆ.

ತೊಂದರೆ ಇರುವುದು ನೀರಿನ ವೇಳಾಪಟ್ಟಿಯಲ್ಲಿ. ಬಳ್ಳಿ ಒಮ್ಮೆ ಬಾಯಾರಬೇಕು. ಏಪ್ರಿಲ್-ಮೇ ಒಣಗಿನ ನಂತರ ಮೊದಲ ಮಳೆ ಬಿದ್ದಾಗ ಹೊಸ ಚಿಗುರೊಡೆದು, ಆ ಚಿಗುರಿನ ಜೊತೆಗೇ ತೆನೆ ಬರುತ್ತದೆ. ಸುಮಾರು 20 ದಿನದೊಳಗೆ 70 ಮಿ.ಮೀ. ಮಳೆ ಸಿಕ್ಕರೆ ತೆನೆ ಒಟ್ಟಿಗೆ ಹೊರಡುತ್ತದೆ. ನೀವು ಮೇ ಕೊನೆಯವರೆಗೆ ಬುಡಕ್ಕೆ ನೀರು ಕೊಟ್ಟರೆ ಬಳ್ಳಿಗೆ ಬೇಸಿಗೆ ಬಂದದ್ದೇ ಗೊತ್ತಾಗುವುದಿಲ್ಲ. ಎಲೆ ಬಿಡುತ್ತಾ ಹೋಗುತ್ತದೆ, ತೆನೆ ಅಲ್ಲೊಂದು ಇಲ್ಲೊಂದು.

ಫಲ ಕೊಡುವ ಬಳ್ಳಿಗೆ ಡಿಸೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ 8-10 ದಿನಕ್ಕೊಮ್ಮೆ 100 ಲೀಟರ್‌ನಂತೆ ಕೊಡಿ. ಆಮೇಲೆ ಮಳೆ ಹಿಡಿಯುವವರೆಗೆ ಪೂರ್ತಿ ನಿಲ್ಲಿಸಿ. ತೆನೆ ಹೊರಟ ಮೇಲೆ ಮಾತ್ರ ಒಂದು ವಾರವೂ ಒಣಗಲು ಬಿಡಬಾರದು. ಜೂನ್‌ನಲ್ಲಿ ಮಳೆ ಕೈಕೊಟ್ಟರೆ ಪಂಪ್ ಚಾಲೂ ಮಾಡಿ ನೀರು ಕೊಡಿ. ಆ ಹೊತ್ತಿನ ಬಿಡುವೇ ತೆನೆ ಉದುರಲು, ಕಾಳು ಬಿಡಿಬಿಡಿಯಾಗಲು ಕಾರಣ.

ಕೆಂಪುಮಣ್ಣು
ನೀರಿನ ಮಾತು ಒಪ್ಪುತ್ತೇನೆ ಅಣ್ಣ. ಆದರೆ ಅವರ ತೋಟದಲ್ಲಿ ನೆರಳನ್ನೂ ನೋಡಬೇಕು. ಪಣಿಯೂರು-1 ಬೆಳಕು ಕೇಳುವ ತಳಿ. 12 ವರ್ಷದ ಅಡಿಕೆ, ಅದರ ಮೇಲೆ ಹಲಸಿನ ಕೊಂಬೆ, ಪಕ್ಕದಲ್ಲಿ ಬಾಳೆ ಇದ್ದರೆ ಅದು ಸೊಪ್ಪು ಬೆಳೆಸುತ್ತದೆ, ಕಾಳು ಕಟ್ಟುವುದಿಲ್ಲ. ಮೇ ತಿಂಗಳಲ್ಲಿ ಹಲಸಿನ ಕೆಳಕೊಂಬೆ ಸವರಿಸಿ. ಹೊಸದಾಗಿ ಹಾಕುವಲ್ಲಿ ಕರಿಮುಂಡ ಅಥವಾ ಪಣಿಯೂರು-5 ಹಾಕಿ, ಎರಡೂ ನೆರಳಿಗೆ ಹೊಂದಿಕೊಳ್ಳುತ್ತವೆ. ಕಡು ನೆರಳಿನಲ್ಲಿ ಕಾಳು ಕೊರೆಯುವ ಪೊಳ್ಳು ದುಂಬಿಯೂ ಜಾಸ್ತಿ. ನಮ್ಮಂಥ ತಗ್ಗು ಪ್ರದೇಶದಲ್ಲಿ ಅದರ ಕಾಟ ಹೆಚ್ಚು.

ಇನ್ನು ಮಣ್ಣು. ಜಂಬಿಟ್ಟಿಗೆ ಮಣ್ಣು ಮೆಣಸಿಗೆ ಒಳ್ಳೆಯದೇ, ಸಡಿಲವಾಗಿ, ಎಲೆಗೊಬ್ಬರ ತುಂಬಿದ್ದರೆ. ಪಿಎಚ್ 5.5ರಿಂದ 6.5 ಇರಬೇಕು. ನಿಮ್ಮದು 5.1, ಅಂದರೆ ಹುಳಿ ಹೆಚ್ಚು. ಬಳ್ಳಿಗೆ ಅರ್ಧ ಕಿಲೋ ಸುಣ್ಣ ಅಥವಾ ಡಾಲಮೈಟ್, ಏಪ್ರಿಲ್-ಮೇನಲ್ಲಿ, ವರ್ಷ ಬಿಟ್ಟು ವರ್ಷ. ಸುಣ್ಣ ಹಾಕಿ ಒಂದು ತಿಂಗಳಾದರೂ ಕಳೆದ ಮೇಲೆ ರಸಗೊಬ್ಬರ ಕೊಡಿ, ಎರಡನ್ನೂ ಒಟ್ಟಿಗೆ ಎರಚಿದರೆ ಸಾರಜನಕ ಹಾರಿಹೋಗುತ್ತದೆ.

ಕೆಳಗಿನ ಸಮತಟ್ಟಿನಲ್ಲಿ ಈಗಲೇ ನೆಡಬೇಡಿ. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಉಸಿರಿಲ್ಲ, ಬಳ್ಳಿ ಕೊಳೆಸುವ ಫೈಟಾಫ್ತೊರ ಎಂಬ ಶಿಲೀಂಧ್ರದಂಥ ರೋಗಾಣು ಅಲ್ಲೇ ಹರಡುತ್ತದೆ. ಮಳೆಗಾಲದಲ್ಲಿ ಒಂದೂವರೆ ಅಡಿ ಗುಂಡಿ ತೋಡಿ ಮರುದಿನ ನೋಡಿ. ಮಳೆ ಬಿಡುವು ಕೊಟ್ಟರೂ ಗುಂಡಿಯಲ್ಲಿ ನೀರು ಉಳಿದಿದ್ದರೆ ಅಡಿಕೆ ಸಾಲುಗಳ ನಡುವೆ ಎರಡು ಅಡಿ ಆಳದ ಬಸಿಗಾಲುವೆ ತೆಗೆದು, ಒರತೆ ನೀರು ಹೊರಗೆ ಹರಿಯುವಂತೆ ಮಾಡಿ. ಆಮೇಲೆ ನೆಡುವ ಮಾತು. ಮೇಲ್ಭಾಗದಲ್ಲಿ ಚಿರೆಕಲ್ಲು ಎರಡು ಅಡಿಗೆ ಸಿಗುವುದಾದರೆ ಅಡ್ಡಿಯಿಲ್ಲ, ಮೆಣಸಿನ ಬೇರು ಹೆಚ್ಚಾಗಿ ಮೇಲ್ಪದರದಲ್ಲೇ ಹರಡುತ್ತದೆ. ಆದರೆ ಕಲ್ಲಿನಲ್ಲಿ ಕೊರೆದ ಗುಂಡಿ ಬೋಗುಣಿಯಂತೆ ನೀರು ಹಿಡಿಯುತ್ತದೆ. ಇಳಿಜಾರಿನ ಕಡೆಗೆ ಒಂದು ಬದಿ ಒಡೆದು ದಾರಿ ಮಾಡಿಕೊಡಿ.

ಹೊಸ ಬಳ್ಳಿ ನೆಡಲು ಮರದ ಉತ್ತರ ಅಥವಾ ಈಶಾನ್ಯ ಬದಿಗೆ, ಬುಡದಿಂದ ಒಂದು ಅಡಿ ದೂರ, 50 ಸೆಂ.ಮೀ. ಉದ್ದ-ಅಗಲ-ಆಳದ ಗುಂಡಿ ಸಾಕು. ದಕ್ಷಿಣಕ್ಕೆ ನೆಟ್ಟರೆ ಬೇಸಿಗೆ ಬಿಸಿಲು ಎಳೆಬಳ್ಳಿಯನ್ನು ಸುಡುತ್ತದೆ. ಮೇಲ್ಮಣ್ಣಿನ ಜೊತೆ 5 ಕಿಲೋ ಹಟ್ಟಿಗೊಬ್ಬರ, 1 ಕಿಲೋ ಬೇವಿನ ಹಿಂಡಿ, 150 ಗ್ರಾಂ ಶಿಲಾರಂಜಕ, 50 ಗ್ರಾಂ ಟ್ರೈಕೊಡರ್ಮ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿ ತುಂಬಿ, ಮಣ್ಣನ್ನು ನೆಲಮಟ್ಟಕ್ಕಿಂತ ಸ್ವಲ್ಪ ಏರಿಸಿ. ಮಳೆ ಹಿಡಿದ ಕೂಡಲೇ ಪ್ರತಿ ಗುಂಡಿಗೆ, ಬೇರು ಬಂದ 2-3 ಸಸಿ ನೆಡಿ.

ಪೋಂಡಾ_ತೋಟ
ಇಬ್ಬರಿಗೂ ತುಂಬಾ ಧನ್ಯವಾದ. ಒಂದು ಗೊಂದಲ: ಅಡಿಕೆಗೆ ಏಪ್ರಿಲ್-ಮೇನಲ್ಲೇ ನೀರು ಜಾಸ್ತಿ ಬೇಕು. ಮೆಣಸಿಗಾಗಿ ನಿಲ್ಲಿಸಿದರೆ ಅಡಿಕೆ ಸೊರಗುವುದಿಲ್ಲವೇ? ಕಳೆದ ಮಳೆಗಾಲದಲ್ಲಿ ಕೆಳಗಿನ ಅಂಚಿನ ಕೆಲವು ಬಳ್ಳಿಗಳು ಎಲೆ ಉದುರಿಸಿ ಸತ್ತವು, ಅದಕ್ಕೂ ಏನಾದರೂ ಹೇಳಿ.

ಸತ್ತರಿ_ಅಡಿಕೆ
ಅಡಿಕೆಗೆ ನಿಲ್ಲಿಸಬೇಡಿ ಸರ್. ಹನಿ ನೀರಾವರಿ ಇದ್ದರೆ ತೊಟ್ಟಿಕ್ಕುವ ನಳಿಗೆಯನ್ನು ಮರದ ದಕ್ಷಿಣಕ್ಕೆ ತಿರುಗಿಸಿ, ಬಳ್ಳಿ ಉತ್ತರದಲ್ಲಿರುತ್ತದೆ. ಬಳ್ಳಿಗೆ ಪೂರ್ತಿ ಒಣಗು ಸಿಗುವುದಿಲ್ಲ, ಆದರೂ ಬುಡ ಸದಾ ಹಸಿಯಾಗಿರುವುದಕ್ಕಿಂತ ಎಷ್ಟೋ ಮೇಲು. ಹಾಯಿನೀರು ಕೊಡುವ ತೋಟದಲ್ಲಿ ಈ ಬೇರ್ಪಡಿಸುವಿಕೆ ಆಗದು. ಇನ್ನೊಂದು: ಮೂರು ವರ್ಷದೊಳಗಿನ ಎಳೆಬಳ್ಳಿಗೆ ಈ ಬಾಯಾರಿಕೆಯ ಲೆಕ್ಕ ಬೇಡ. ಅದಕ್ಕೆ ಬೇಸಿಗೆಯಿಡೀ ನೀರು ಕೊಡಿ, ಬುಡಕ್ಕೆ ದರಕು (ಒಣ ಎಲೆ) ಅಥವಾ ಅಡಿಕೆ ಸೋಗೆ ಹೊದಿಸಿ.

ಕೆಂಪುಮಣ್ಣು
ಸತ್ತ ಬಳ್ಳಿಯ ಬಗ್ಗೆ. ನೆಲದ ಹತ್ತಿರದ ಎಲೆಯಲ್ಲಿ ಕಪ್ಪು ಮಚ್ಚೆ ಬಂದು, ಅದರ ಅಂಚು ನೂಲುನೂಲಾಗಿ ಹರಡುತ್ತಾ ಹೋಗಿ, ಬುಡ ಕಪ್ಪಾಗಿ, ಹಸಿರೆಲೆಯೇ ಉದುರಿ, ಗೆಣ್ಣು ಕಳಚಿ ಬಿದ್ದಿದ್ದರೆ ಅದು ಫೈಟಾಫ್ತೊರದಿಂದ ಬರುವ ಶೀಘ್ರ ಸೊರಗು ರೋಗ. ಅಕ್ಟೋಬರ್ ನಂತರ ಮೆಲ್ಲಗೆ ಹಳದಿಯಾಗಿ, ಮುಂದಿನ ಮಳೆಗೆ ಮತ್ತೆ ಸ್ವಲ್ಪ ಚಿಗುರಿದರೆ ಅದು ನಿಧಾನ ಸೊರಗು, ಅಲ್ಲಿ ಬೇರಿನ ಜಂತುಹುಳುವಿನ ಪಾತ್ರ ದೊಡ್ಡದು. ನೀವು ಹೇಳಿದ್ದು ಮೊದಲನೆಯದೇ ಅನ್ನಿಸುತ್ತದೆ.

ಸತ್ತ ಬಳ್ಳಿಯನ್ನು ಬೇರು ಸಮೇತ ಕಿತ್ತು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಮಳೆಗೆ ಮುಂಚೆ ನೆಲದಲ್ಲಿ ಹರಿದ ಹಂಬುಗಳನ್ನೆಲ್ಲ ಕತ್ತರಿಸಿ. ಮಳೆಹನಿ ಮಣ್ಣಿನಿಂದ ಸಿಡಿಸುವ ಫೈಟಾಫ್ತೊರ ಮೊದಲು ಹತ್ತುವುದು ಅದಕ್ಕೇ.

ರೋಗ ತಡೆಗೆ ಬಳ್ಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣ ಶೇ. 1: 50 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಬೇರೆ 50 ಲೀಟರ್‌ಗೆ 1 ಕಿಲೋ ಸುಣ್ಣ. ಪ್ಲಾಸ್ಟಿಕ್ ಡ್ರಮ್ ಮಾತ್ರ ಬಳಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಿರಿ. ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕೂತಿದ್ದರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ, ಎಳೆಚಿಗುರು ಸುಡುತ್ತದೆ. ಲೇಪ ಕೂರುವುದು ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸಿ. ಅಂದೇ ಸಿಂಪಡಿಸಿ ಮುಗಿಸಿ, ಮರುದಿನಕ್ಕೆ ಇಟ್ಟರೆ ಕೆಡುತ್ತದೆ. ಮೇ ಕೊನೆ-ಜೂನ್ ಮೊದಲಲ್ಲಿ ಒಮ್ಮೆ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಮಳೆ ಬಿಟ್ಟ ದಿನ ನೋಡಿ ಇನ್ನೊಮ್ಮೆ. ಅದೇ ಹೊತ್ತಿಗೆ ಬುಡಕ್ಕೆ ಶೇ. 0.2ರ ಕಾಪರ್ ಆಕ್ಸಿಕ್ಲೋರೈಡ್, ಅಂದರೆ ಲೀಟರ್‌ಗೆ 2 ಗ್ರಾಂ, ಬಳ್ಳಿಗೆ 5ರಿಂದ 10 ಲೀಟರ್ ಸುರಿಯಿರಿ.

ತಾಮ್ರ ಸುರಿದ ಬುಡಕ್ಕೆ ಕೂಡಲೇ ಟ್ರೈಕೊಡರ್ಮ ಹಾಕಬೇಡಿ, ಅದು ಶಿಲೀಂಧ್ರ, ತಾಮ್ರಕ್ಕೆ ಸಾಯುತ್ತದೆ. ಒಂದು ತಿಂಗಳು ಬಿಟ್ಟು ಬೇವಿನ ಹಿಂಡಿಯಲ್ಲಿ ಬೆರೆಸಿ ಹಾಕಿ.