ಮಳೆಯಲ್ಲಿ ಕಾರು ಹಿಡಿತ ಬಿಡುತ್ತಿದೆ: ಅಲೈನ್‌ಮೆಂಟ್ ಸಾಕೇ, ಟೈರ್ ಬದಲಿಸಬೇಕೇ?

ಹಾಸನದಿಂದ (ಪ್ರಶ್ನೆ): ಕೆಲಸದ ಮೇಲೆ ಆಗಾಗ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೇನೆ. ನನ್ನದು ಫ್ರಂಟ್ ವೀಲ್ ಡ್ರೈವ್ (ಎಂಜಿನ್ ಬಲ ಮುಂದಿನ ಚಕ್ರಗಳಿಗೆ) ಇರುವ ಸಣ್ಣ ಕಾರು. ಒಣ ರಸ್ತೆಯಲ್ಲಿ ತುಸು ಎಡಕ್ಕೆ ಎಳೆಯುತ್ತದೆ, ಅಷ್ಟೇ. ಮಳೆಯಲ್ಲಿ ಮಾತ್ರ ನೀರು ನಿಂತ ಕಡೆ ಸ್ಟೇರಿಂಗ್ ಒಮ್ಮೆಲೇ ಹಗುರಾಗುತ್ತದೆ. ಗುಂಡ್ಯದ ಹತ್ತಿರ ಒಂದು ತಿರುವಿನಲ್ಲಿ ಹಿಂಭಾಗವೂ ಜಾರಿತು. ಗ್ಯಾರೇಜಿನವರು ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಹೊಂದಿಸುವುದು) ಸಾಕು ಎನ್ನುತ್ತಾರೆ, ಟೈರ್ ಅಂಗಡಿಯವರು ನಾಲ್ಕೂ ಬದಲಿಸಿ ಎನ್ನುತ್ತಾರೆ. ನೋಡಲು ಟೈರ್‌ಗಳು ಚೆನ್ನಾಗಿಯೇ ಇವೆ. ಅನುಭವ ಇದ್ದವರು ತಿಳಿಸಿ.

ಪುತ್ತೂರಿನಿಂದ: "ನೋಡಲು ಚೆನ್ನಾಗಿಯೇ ಇವೆ" ಎಂಬ ಮಾತಿನ ಮೇಲೇ ನನಗೆ ಅನುಮಾನ. ಸ್ಟೇರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ, ಮುಂದಿನ ಟೈರಿನ ಒಳ ಅಂಚನ್ನು ನೋಡಿ. ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ, ಕೆಟ್ಟು ಚಕ್ರಗಳು ಹೊರಮುಖವಾಗಿದ್ದರೆ, ಟೈರು ಉರುಳುವ ಜೊತೆಗೆ ಅಡ್ಡಡ್ಡ ಉಜ್ಜಿಕೊಂಡೂ ಸಾಗುತ್ತದೆ. ಆಗ ಮೊದಲು ಬೋಳಾಗುವುದು ಒಳ ಅಂಚು. ನಿಂತು ನೋಡುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿ. ಹೋಗುವಾಗ ನುಣುಪಾಗಿದ್ದು, ಮರಳುವಾಗ ಗರಗಸದ ಹಲ್ಲಿನಂತೆ ತಡೆದರೆ ಟೋ ಕೆಟ್ಟಿರುವ ಸಂಭವ ಹೆಚ್ಚು.

ಹೊಸ ಟೈರಿನ ಗೀರುಗಳು ಸಾಮಾನ್ಯವಾಗಿ 7-8 ಮಿ.ಮೀ. ಆಳ ಇರುತ್ತವೆ. ಕಾರಿಗೆ ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ.; ಗೀರಿನೊಳಗಿನ ಪುಟ್ಟ ಉಬ್ಬುಗಳ ಮಟ್ಟಕ್ಕೆ ರಬ್ಬರ್ ಇಳಿದರೆ ಆ ಮಿತಿ ಮುಟ್ಟಿತು. ನಮ್ಮ ಕಡೆಯ ಮಳೆಗೆ ಅಲ್ಲಿಯವರೆಗೆ ಕಾಯುವುದು ಹುಚ್ಚುತನ, 3 ಮಿ.ಮೀ.ಗೆ ಇಳಿದಾಗಲೇ ನಾನು ಬದಲಿಸುತ್ತೇನೆ. ನೀರು ಪಕ್ಕಕ್ಕೆ ಹೋಗಲು ಗೀರಿನಲ್ಲಿ ಜಾಗವಿಲ್ಲದಿದ್ದರೆ ಟೈರು ನೀರಿನ ಮೇಲೇ ತೇಲುತ್ತದೆ. ನಿಮ್ಮ ಸ್ಟೇರಿಂಗ್ ಹಗುರಾಗುವುದು ಅದಕ್ಕೇ. ಇದರ ಮೇಲೆ ಟೋ ಕೆಟ್ಟಿದ್ದರೆ ಮುಂದಿನ ಚಕ್ರಗಳೆರಡೂ ಒಂದಕ್ಕೊಂದು ವಿರುದ್ಧವಾಗಿ ಎಳೆದಾಡುತ್ತಿರುತ್ತವೆ. ಒಂದು ಚಕ್ರ ನೀರಿಗೆ ಬಿದ್ದು ಹಿಡಿತ ಬಿಟ್ಟಿತೋ, ಇನ್ನೊಂದು ತಾನು ಮುಖ ಮಾಡಿದ ಕಡೆಗೆ ಕಾರನ್ನು ಎಳೆಯುತ್ತದೆ. ಅಲೈನ್‌ಮೆಂಟ್ ಖಂಡಿತ ಮಾಡಿಸಿ, ಆದರೆ ಸವೆದುಹೋದ ರಬ್ಬರ್ ಅದರಿಂದ ಮರಳಿ ಬರುವುದಿಲ್ಲ.

ಸಕಲೇಶಪುರದಿಂದ: ಬಾಡಿಗೆ ಕಾರು ಓಡಿಸುವವನು ನಾನು. ಅಲೈನ್‌ಮೆಂಟ್ ಯಂತ್ರಕ್ಕೆ ಹತ್ತಿಸುವ ಮುನ್ನ ಚಕ್ರವನ್ನು ಸ್ಟೇರಿಂಗ್, ಸಸ್ಪೆನ್ಷನ್‌ಗೆ ಸೇರಿಸುವ ಕೀಲುಗಳಾದ ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ರಬ್ಬರ್ ಬುಷ್‌ಗಳಲ್ಲಿ ಆಟ (ಸಡಿಲ) ಇದೆಯೇ ನೋಡಿಸಿ. ಇದ್ದರೆ ಇಂದು ಕೂಡಿಸಿದ ಅಳತೆ ನಾಳೆ ಉಳಿಯುವುದಿಲ್ಲ. ಕೆಲಸಕ್ಕೆ ಮೊದಲಿನ ಹಾಗೂ ನಂತರದ ಅಳತೆಯ ಚೀಟಿ ಕೇಳಿ ಪಡೆಯಿರಿ. ಕೊಡಲು ಗೊಣಗುವ ಅಂಗಡಿಯ ಸಹವಾಸ ಬೇಡ. ಮಳೆಗಾಲದಲ್ಲಿ ಹಿಡಿತ ಹೆಚ್ಚಲೆಂದು ಗಾಳಿ ಇಳಿಸುವವರೂ ಇದ್ದಾರೆ. ಅವರ ಮಾತು ಕೇಳಬೇಡಿ, ಗಾಳಿ ಕಡಿಮೆಯಾದಷ್ಟೂ ಟೈರು ಕಡಿಮೆ ವೇಗದಲ್ಲೇ ತೇಲತೊಡಗುತ್ತದೆ.

ಬೆಂಗಳೂರಿನಿಂದ: ಹಿಂಭಾಗ ಜಾರಿದ್ದರ ಬಗ್ಗೆ ಯಾರೂ ಹೇಳಲಿಲ್ಲ. ಇಂತಹ ಕಾರುಗಳಲ್ಲಿ ಹಿಂದಿನ ಟೈರು ನಿಧಾನವಾಗಿ ಸವೆಯುತ್ತದೆ. ಗೀರು ಉಳಿದಿರುತ್ತದೆ, ರಬ್ಬರ್ ಮಾತ್ರ ವಯಸ್ಸಾಗಿ ಗಟ್ಟಿಯಾಗಿರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಹೋಗಿ ಹಿಂಬದಿ ಇನ್ನಷ್ಟು ಹಗುರಾಗುತ್ತದೆ. ಟೈರಿನ ಪಕ್ಕದಲ್ಲಿ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ, ಅದು ತಯಾರಾದ ವಾರ ಮತ್ತು ವರ್ಷ: 2318 ಎಂದಿದ್ದರೆ ಅದು 2018ರ 23ನೇ ವಾರದ್ದು. ಎರಡೇ ಟೈರು ಕೊಳ್ಳುವುದಾದರೆ ಹೊಸದನ್ನು ಹಿಂದಕ್ಕೆ ಹಾಕಿಸಿ.

ಪುತ್ತೂರಿನಿಂದ: ಎಂಜಿನ್ ಬಲ, ಸ್ಟೇರಿಂಗ್ ಎರಡೂ ಮುಂದಿರುವಾಗ ಹೊಸದು ಮುಂದಕ್ಕಲ್ಲವೇ?

ಬೆಂಗಳೂರಿನಿಂದ: ಎಲ್ಲರೂ ಹಾಗೆಯೇ ಎಣಿಸುತ್ತಾರೆ. ಮುಂದಿನದು ಜಾರಿದರೆ ಕಾರು ನೇರಕ್ಕೆ ಹೋಗುತ್ತದೆ, ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಬಹುಮಟ್ಟಿಗೆ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಕಾರೇ ಗಿರಕಿ ಹೊಡೆಯುತ್ತದೆ. ನಮ್ಮಂಥ ಸಾಮಾನ್ಯ ಚಾಲಕರಿಗೆ ಅದನ್ನು ಹಿಡಿದು ನಿಲ್ಲಿಸುವುದು ಕಷ್ಟ.

ಹಾಸನದಿಂದ: ನೋಡಿಸಿದೆ. ಮುಂದಿನ ಎರಡೂ ಟೈರಿನ ಒಳ ಅಂಚು ಬೋಳು, ಹೊರ ಅಂಚಿನಲ್ಲಿ ಇನ್ನೂ 4 ಮಿ.ಮೀ. ಇದೆ. ಹಿಂದಿನವು 2018ರವು, ಗೀರು ಚೆನ್ನಾಗಿದೆ. ಒಂದು ಬುಷ್ ಹರಿದಿದೆ. ಒಮ್ಮೆಗೇ ನಾಲ್ಕು ಟೈರು ಕೊಳ್ಳುವಷ್ಟು ಹಣ ಈಗ ಕೈಯಲ್ಲಿಲ್ಲ.

ಸಕಲೇಶಪುರದಿಂದ: ಮೊದಲು ಬುಷ್. ಆಮೇಲೆ ಎರಡು ಹೊಸ ಟೈರು ಹಿಂದಕ್ಕೆ, ಹಿಂದಿದ್ದವು ಮುಂದಕ್ಕೆ, ಬೋಳಾದವು ಗುಜರಿಗೆ. ಅಲೈನ್‌ಮೆಂಟ್ ಕೊನೆಗೆ. ಹಳೆಯ ಎರಡನ್ನೂ ಹಣ ಹೊಂದಿದ ಕೂಡಲೇ ಬದಲಿಸಿ. ಅಲ್ಲಿಯವರೆಗೆ ಜೋರು ಮಳೆಯ ದಿನ ಬಸ್ಸಿನಲ್ಲಿ ಹೋಗಿಬನ್ನಿ.